ಟು ಸ್ಟ್ರೋಕ್‌ಗೆ ಟರ್ಬೊ ಕೂರಿಸಿದರೆ ಪೆಟ್ರೋಲ್ ಅಳೆಯುವವರು ಯಾರು?

ಮುಂಗಾರು ಒಂದೆರಡು ದಿನ ಬಿಡುವು ಕೊಟ್ಟರೆ ಸಾಕು, ಹೊಳೆಹೊನ್ನೂರಿನ ಸುತ್ತಲಿನ ಅಡಿಕೆ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರಗಳ ಸದ್ದು ಏಳುತ್ತದೆ. ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತವರೊಬ್ಬರು ನೀರಿನ ಬಾಟಲಿಯಲ್ಲಿ ತಂದ ಪೆಟ್ರೋಲ್‌ಗೆ ಟು-ಟಿ ಆಯಿಲ್ ಸುರಿದು, ಮುಚ್ಚಳ ಬಿಗಿದು ಕುಲುಕುತ್ತಾರೆ. ಟ್ಯಾಂಕಿಗೆ ಹೊಯ್ದು, ಚೋಕ್ ಹಾಕಿ, ಹಗ್ಗವನ್ನು ಮೂರು ನಾಲ್ಕು ಸಲ ಜಗ್ಗಿದರೆ ನೀಲಿ ಹೊಗೆ ಉಗುಳುತ್ತ ಎಂಜಿನ್ ಶುರುವಾಗುತ್ತದೆ. ಅತ್ತ ಭದ್ರಾವತಿ ರಸ್ತೆಯಲ್ಲಿ ಹಳೆಯ ಆರ್‌ಎಕ್ಸ್ 100 ಬೈಕೊಂದು ಹಾದುಹೋದರೆ ಗ್ಯಾರೇಜ್ ಮುಂದೆ ನಿಂತ ಹುಡುಗರೆಲ್ಲ ತಿರುಗಿ ನೋಡುತ್ತಾರೆ.

ಅದೇ ಗ್ಯಾರೇಜ್‌ಗೆ ಸರ್ವಿಸ್‌ಗೆ ಬರುವ ಹೊಸ ಸ್ಕೂಟರ್‌ಗಳಲ್ಲಿ ಚೋಕೂ ಇಲ್ಲ, ಕಾರ್ಬೊರೇಟರೂ ಇಲ್ಲ. ಎಲ್ಲ ಎಫ್‌ಐ, ಅಂದರೆ ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್. ಹೊಸ ಕಾರುಗಳ ಬೆನ್ನ ಮೇಲೆ ‘ಟರ್ಬೊ’ ಎಂಬ ಬಿಲ್ಲೆ. ಹಾಗಾಗಿ ಒಂದು ಪ್ರಶ್ನೆ ಆಗಾಗ ಕೇಳಿಬರುತ್ತದೆ: “ಅಣ್ಣಾ, ಈ ಟು ಸ್ಟ್ರೋಕ್ ಗಾಡಿಗೇ ಒಂದು ಎಫ್‌ಐ ಹಾಕಿ, ಸಣ್ಣದೊಂದು ಟರ್ಬೊ ಕೂರಿಸಿದ್ರೆ ಹೆಂಗೆ?”

ಕೇಳಲು ಹುಡುಗಾಟದ ಮಾತು. ಆದರೆ ದೊಡ್ಡ ದೊಡ್ಡ ಕಂಪನಿಗಳು ವರ್ಷಗಟ್ಟಲೆ ತಲೆಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ. ಉತ್ತರ ತಿಳಿಯಬೇಕಾದರೆ ಮೊದಲು ಟು ಸ್ಟ್ರೋಕ್‌ನ ಹೊಟ್ಟೆಯೊಳಗೆ ಇಣುಕಬೇಕು.

ಒಂದೇ ಸುತ್ತಿನ ಲೆಕ್ಕ

ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಗಾಳಿ ಎಳೆದುಕೊಳ್ಳಲು, ಒತ್ತಲು, ಉರಿಸಲು, ಹೊಗೆ ಹೊರದೂಡಲು ನಾಲ್ಕು ಪ್ರತ್ಯೇಕ ಹೊಡೆತಗಳಿವೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಶಕ್ತಿ ಸಿಗುವುದು ಒಂದು ಸಲ. ಟು ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಒಂದು ಸಲ. ಸಣ್ಣ ಟು ಸ್ಟ್ರೋಕ್‌ಗಳಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ತೆರೆದು ಮುಚ್ಚುತ್ತದೆ. ಬಿಡಿಭಾಗ ಕಡಿಮೆ, ತೂಕ ಕಡಿಮೆ, ಆ ತೂಕಕ್ಕೆ ಹೋಲಿಸಿದರೆ ಶಕ್ತಿ ಹೆಚ್ಚು. ಹೆಗಲಿಗೆ ನೇತುಹಾಕಿಕೊಳ್ಳುವ ಯಂತ್ರಗಳಲ್ಲಿ, ಮರ ಕೊಯ್ಯುವ ಗರಗಸದಲ್ಲಿ ಟು ಸ್ಟ್ರೋಕ್ ಇನ್ನೂ ಉಳಿದಿರುವುದು ಇದಕ್ಕೇ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿ ಹೆಸರಾದ, ಅಡಿಕೆ ಮರ ಏರುವ ‘ಬೈಕ್’ನಲ್ಲೂ ಇರುವುದು ಇಂಥದೇ ಪುಟ್ಟ ಎಂಜಿನ್.

ಈ ಸರಳತೆಗೆ ತೆರಬೇಕಾದ ಬೆಲೆಯೂ ಇದೆ. ಪಿಸ್ಟನ್ ಕೆಳಗಿಳಿದಾಗ ಹೊಗೆ ಹೋಗುವ ಕಿಂಡಿ ಮತ್ತು ಹೊಸ ಮಿಶ್ರಣ ಬರುವ ಕಿಂಡಿ ಎರಡೂ ಒಟ್ಟಿಗೆ ತೆರೆದಿರುತ್ತವೆ. ಭದ್ರಾ ನಾಲೆಯ ನೀರು ಬಿಟ್ಟಾಗ ಗದ್ದೆಯ ಒಳಮಡೆ, ಹೊರಮಡೆ ಎರಡನ್ನೂ ತೆರೆದಿಟ್ಟ ಹಾಗೆ. ಹೊಸ ನೀರು ಹಳೆಯದನ್ನು ತಳ್ಳಿಕೊಂಡು ಹೋಗುವುದು ನಿಜ. ಅದರ ಜೊತೆಗೆ ತಾನೂ ಒಂದಷ್ಟು ಹೊರಗೆ ಹರಿದುಬಿಡುತ್ತದೆ.

ಹಾಗೆ ಹರಿದುಹೋಗುವುದು ಬರೀ ಗಾಳಿಯಾಗಿದ್ದರೆ ನಷ್ಟವಿರಲಿಲ್ಲ. ಕಾರ್ಬೊರೇಟರ್ ಗಾಳಿಗೆ ಪೆಟ್ರೋಲನ್ನೂ ಎಣ್ಣೆಯನ್ನೂ ಮೊದಲೇ ಬೆರೆಸಿ ಕಳಿಸಿರುತ್ತದೆ. ಸಣ್ಣ ಟು ಸ್ಟ್ರೋಕ್‌ಗಳಲ್ಲಿ ಒಳಹೊಕ್ಕ ಪೆಟ್ರೋಲ್‌ನ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೂ ಹೀಗೆ ಉರಿಯದೆ ಸೈಲೆನ್ಸರ್ ದಾರಿ ಹಿಡಿಯಬಹುದು. ಹಿಂದೆ ಬರುವವರ ಮೂಗಿಗೆ ಬಡಿಯುವ ಹಸಿ ಪೆಟ್ರೋಲ್ ವಾಸನೆ ಅದೇ.

ಮೈಸೂರಿನಿಂದ ಬಿಎಸ್–6ರವರೆಗೆ

ಕರ್ನಾಟಕಕ್ಕೆ ಟು ಸ್ಟ್ರೋಕ್ ಹೊರಗಿನದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ದಿ ಬೈಕುಗಳನ್ನು ತಯಾರಿಸಿತು. ಒಂದೇ ಸಿಲಿಂಡರ್‌ಗೆ ಎರಡು ಸೈಲೆನ್ಸರ್ ಇದ್ದ ಆ 250 ಸಿಸಿ ಗಾಡಿಗಳು ಮಲೆನಾಡಿನ ಏರುತಗ್ಗಿನಲ್ಲಿ ಹೆಸರು ಮಾಡಿದ್ದವು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರ 98 ಸಿಸಿ ಎಂಜಿನ್ 11 ಅಶ್ವಶಕ್ತಿ ಕೊಡುತ್ತಿತ್ತು. ಇಂದಿನ ನೂರು ಸಿಸಿ ಫೋರ್ ಸ್ಟ್ರೋಕ್ ಬೈಕುಗಳು ಸಾಮಾನ್ಯವಾಗಿ ಎಂಟರ ಆಸುಪಾಸಿನಲ್ಲಿವೆ. ಹಳಬರು ಅದನ್ನು ಇನ್ನೂ ಮರೆಯದಿರುವುದರಲ್ಲಿ ಆಶ್ಚರ್ಯವಿಲ್ಲ.

ದ್ವಿಚಕ್ರ ವಾಹನಗಳ ಹೊಗೆಗೆ ದೇಶದಲ್ಲಿ ಮಿತಿ ಹೇರಲು ಶುರುವಾದದ್ದು 1991ರಲ್ಲಿ. 1996 ಮತ್ತು 2000ರಲ್ಲಿ ಅದು ಬಿಗಿಯಾಯಿತು. ಉರಿಯದ ಪೆಟ್ರೋಲನ್ನು ಹೊರಗೆ ಬಿಡುವ ಎಂಜಿನ್ ಆ ಪರೀಕ್ಷೆ ಪಾಸಾಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಯಿತು. ಕಂಪನಿಗಳು ಒಂದೊಂದಾಗಿ ಫೋರ್ ಸ್ಟ್ರೋಕ್‌ಗೆ ಹೊರಳಿದವು. 2020ರ ಏಪ್ರಿಲ್ 1ರಂದು ಬಿಎಸ್–6 ಎಂಬ ಹೊಗೆ ಮಿತಿ ಬಂದಾಗ ಕಾರ್ಬೊರೇಟರೂ ಬಹುತೇಕ ಮನೆಗೆ ಹೋಯಿತು. ತೋಟದ ದಾರಿಯಲ್ಲಿ ಹುಲ್ಲಿನ ಹೊರೆ ಹೊರುವ ಟಿವಿಎಸ್ ಎಕ್ಸ್‌ಎಲ್ 100 ಮೊಪೆಡ್ ಕೂಡ ಅಂದಿನಿಂದ ಎಫ್‌ಐ.

ಅಂದರೆ ನಮ್ಮಲ್ಲಿ ಎಫ್‌ಐ ಮನೆಮಾತಾಗುವ ಹೊತ್ತಿಗೆ ರಸ್ತೆಯಿಂದ ಟು ಸ್ಟ್ರೋಕ್ ಮರೆಯಾಗಿತ್ತು. ಎರಡೂ ಒಂದೇ ಎಂಜಿನ್‌ನಲ್ಲಿ ಕೂಡಿದ್ದನ್ನು ಇಲ್ಲಿನ ಜನ ಹೆಚ್ಚಾಗಿ ನೋಡಲೇ ಇಲ್ಲ. ಬಜಾಜ್ ಕಂಪನಿ ಆಸ್ಟ್ರೇಲಿಯಾದ ಆರ್ಬಿಟಲ್ ಸಂಸ್ಥೆಯ ತಂತ್ರಜ್ಞಾನ ಬಳಸಿ, ನೇರವಾಗಿ ಸಿಲಿಂಡರ್‌ಗೆ ಪೆಟ್ರೋಲ್ ಚಿಮ್ಮಿಸುವ ಟು ಸ್ಟ್ರೋಕ್ ಆಟೊ ತಂದದ್ದು ಅಪರೂಪದ ಒಂದು ಪ್ರಯತ್ನ.

ಭದ್ರಾವತಿ ಸ್ಟೇಷನ್ನಿನ ಟರ್ಬೊ

ಟರ್ಬೊ ಇರುವ ಟು ಸ್ಟ್ರೋಕ್ ನೋಡಲು ಮಾತ್ರ ದೂರ ಹೋಗಬೇಕಿರಲಿಲ್ಲ. ಭದ್ರಾವತಿ ಸ್ಟೇಷನ್ನಿನಲ್ಲಿ ನಿಂತಿದ್ದರೆ ಸಾಕಿತ್ತು. ಹಳಿಯ ಮೇಲೆ ವಿದ್ಯುತ್ ತಂತಿ ಬರುವ ಮುಂಚೆ ಬೀರೂರು–ಶಿವಮೊಗ್ಗ ಮಾರ್ಗದ ಅನೇಕ ರೈಲುಗಳನ್ನು ಎಳೆಯುತ್ತಿದ್ದುದು ಡಬ್ಲ್ಯುಡಿಪಿ–4, ಡಬ್ಲ್ಯುಡಿಜಿ–4 ಜಾತಿಯ ಡೀಸೆಲ್ ಎಂಜಿನ್‌ಗಳು. ಹುಬ್ಬಳ್ಳಿ ಮತ್ತು ಬೆಂಗಳೂರಿನ ಕೃಷ್ಣರಾಜಪುರ ಶೆಡ್‌ಗಳು ಇವುಗಳ ತವರು. ಅಮೆರಿಕದ ಇಎಂಡಿ ಕಂಪನಿ ವಿನ್ಯಾಸ ಮಾಡಿ, ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾದ ಇವುಗಳ ಒಳಗಿರುವುದು 16 ಸಿಲಿಂಡರ್‌ಗಳ ಟರ್ಬೊ ಟು ಸ್ಟ್ರೋಕ್. ಒಂದೊಂದು ಸಿಲಿಂಡರ್ ಹನ್ನೊಂದೂವರೆ ಲೀಟರ್‌ಗೂ ದೊಡ್ಡದು. ಒಟ್ಟು ಶಕ್ತಿ 4,000 ಅಶ್ವಶಕ್ತಿ.

ಟರ್ಬೊ ಅಂದರೆ ಒಂದೇ ದಂಡಕ್ಕೆ ಸಿಕ್ಕಿಸಿದ ಎರಡು ಪುಟ್ಟ ಚಕ್ರಗಳು. ಹೊರಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ. ಅದರ ಜೊತೆ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಹೆಚ್ಚು ಗಾಳಿ ಹೋದರೆ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಬಿಟ್ಟಿ ಹೋಗುತ್ತಿದ್ದ ಹೊಗೆಯ ಬಿಸಿಯಿಂದಲೇ ಕೆಲಸ ತೆಗೆಯುವ ಉಪಾಯ ಇದು.

ರೈಲಿನ ಆ ಎಂಜಿನ್‌ಗೆ ಪೆಟ್ರೋಲ್ ಬೈಕಿನ ತೊಂದರೆ ಇಲ್ಲ. ಡೀಸೆಲ್ ಎಂಜಿನ್‌ಗೆ ಒಳಗೆ ಹೋಗುವುದು ಬರೀ ಗಾಳಿ. ಕಿಂಡಿ, ವಾಲ್ವ್ ಎಲ್ಲ ಮುಚ್ಚಿದ ಮೇಲೆ ಇಂಜೆಕ್ಟರ್ ನೇರವಾಗಿ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುತ್ತದೆ. ಗಾಳಿ ಎಷ್ಟು ಹೊರಗೆ ಹರಿದರೂ ಇಂಧನ ಹರಿಯುವುದಿಲ್ಲ. ಎಂಜಿನ್ ನಿಧಾನವಾಗಿ ಓಡುವಾಗ ಹೊಗೆಯಲ್ಲಿ ಟರ್ಬೊ ತಿರುಗಿಸುವಷ್ಟು ಕಸುವು ಇರುವುದಿಲ್ಲ. ಆಗ ಗೇರುಗಳ ಮೂಲಕ ಎಂಜಿನ್ನೇ ಟರ್ಬೊವನ್ನು ತಿರುಗಿಸುತ್ತದೆ. ಹೊಗೆಯ ಬಲ ಸಾಕಷ್ಟು ಏರಿದ ಮೇಲೆ ಒಂದು ಕ್ಲಚ್ ತಾನಾಗಿ ಬಿಟ್ಟುಕೊಂಡು ಟರ್ಬೊ ಸ್ವತಂತ್ರವಾಗುತ್ತದೆ.

ಟು ಸ್ಟ್ರೋಕ್‌ಗೂ ಟರ್ಬೊಗೂ ಹುಟ್ಟು ವೈರವೇನಿಲ್ಲ ಎಂಬುದಕ್ಕೆ ಈ ರೈಲು ಎಂಜಿನ್ ಸಾಕ್ಷಿ. ತೊಡಕು ಇರುವುದು ಎಂಜಿನ್ ಸಣ್ಣದಾದಾಗ, ಇಂಧನ ಪೆಟ್ರೋಲ್ ಆದಾಗ.

ಸಣ್ಣದಕ್ಕೆ ಯಾಕೆ ಕಷ್ಟ?

ಮೊದಲ ಕಾರಣ ಸೈಲೆನ್ಸರ್. ಆರ್‌ಎಕ್ಸ್‌ನಂಥ ಗಾಡಿಯ ಹೊಗೆ ಕೊಳವೆ ಬರೀ ಸದ್ದಡಗಿಸುವ ಡಬ್ಬಿಯಲ್ಲ. ನಡುವೆ ಉಬ್ಬಿ, ತುದಿಯಲ್ಲಿ ಸಣ್ಣಗಾಗುವ ಕೊಳವೆ, ಹೊರಗೆ ಹರಿದ ಮಿಶ್ರಣವನ್ನು ಒತ್ತಡದ ಅಲೆಯಿಂದ ಮತ್ತೆ ಸಿಲಿಂಡರ್‌ಗೆ ನೂಕುತ್ತದೆ. ಈ ವಿದ್ಯೆಯನ್ನು 1950ರ ದಶಕದಲ್ಲಿ ಪಳಗಿಸಿದವರು ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಅವರ ರೇಸ್ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟು ಜಪಾನಿನ ಸುಜುಕಿ ಸೇರಿದಾಗ ಈ ಗುಟ್ಟೂ ಅಲ್ಲಿಗೆ ಹೋಯಿತು. ಟರ್ಬೊವನ್ನು ತಪ್ಪು ಜಾಗದಲ್ಲಿ ಕೂರಿಸಿದರೆ ಈ ಅಲೆಯೇ ಕೆಟ್ಟುಹೋಗುತ್ತದೆ. ಅದಕ್ಕೇ ಉಬ್ಬುಕೊಳವೆಯ ನಂತರ ಅದನ್ನು ಜೋಡಿಸುವುದು ರೂಢಿ.

ಎರಡನೆಯದು, ಎರಡೂ ಮಡೆ ತೆರೆದ ಗದ್ದೆಗೆ ನೀರನ್ನು ಇನ್ನಷ್ಟು ರಭಸದಿಂದ ಬಿಟ್ಟರೆ ಏನಾಗುತ್ತದೋ ಅದು. ಟರ್ಬೊ ಒತ್ತಿದ ಗಾಳಿ ಸಿಲಿಂಡರ್‌ನಲ್ಲಿ ನಿಲ್ಲದೆ ನೆಟ್ಟಗೆ ಹೊರನಡೆಯುತ್ತದೆ. ಅದು ನಿಲ್ಲಬೇಕಾದರೆ ಹೊಗೆ ಕೊಳವೆಯಲ್ಲೂ ಒತ್ತಡ ಏರಬೇಕು. ಟರ್ಬೊದ ಚಕ್ರ ಅಡ್ಡ ಇರುವುದರಿಂದ ಅದು ಒಂದಷ್ಟು ಏರುತ್ತದೆ, ಆದರೆ ಎರಡೂ ಕಡೆಯ ಒತ್ತಡ ಹೊಂದಬೇಕು.

ಮೂರನೆಯದು ಎಣ್ಣೆ. ನಿಮಿಷಕ್ಕೆ ಲಕ್ಷ ಸುತ್ತಿಗೂ ಹೆಚ್ಚು ತಿರುಗುವ ಟರ್ಬೊ ಬೇರಿಂಗ್‌ಗೆ ಸತತವಾಗಿ ಎಣ್ಣೆ ಬೇಕು. ಫೋರ್ ಸ್ಟ್ರೋಕ್‌ನ ತಳದಲ್ಲಿ ಎಣ್ಣೆ ತುಂಬಿರುತ್ತದೆ, ಪಂಪ್ ಇರುತ್ತದೆ. ಪೆಟ್ರೋಲ್ ಜೊತೆ ಎಣ್ಣೆ ಬೆರೆಸಿ ಉರಿಸಿಬಿಡುವ ಸಣ್ಣ ಟು ಸ್ಟ್ರೋಕ್‌ನಲ್ಲಿ ಅಂಥ ಎಣ್ಣೆ ಸಂಗ್ರಹವೇ ಇಲ್ಲ. ಬೇರೆ ವ್ಯವಸ್ಥೆ ಮಾಡಲೇಬೇಕು.

ನಾಲ್ಕನೆಯದು ಬಿಸಿ. ಪ್ರತಿ ಸುತ್ತಿಗೂ ಉರಿಯುವ ಎಂಜಿನ್‌ನ ಪಿಸ್ಟನ್‌ಗೆ ತಣಿಯಲು ಬಿಡುವಿಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಮಿತಿಮೀರಿ ಕಾದು ಹಿಗ್ಗಿ ಬೋರ್‌ನಲ್ಲೇ ಕಚ್ಚಿಕೊಳ್ಳುತ್ತದೆ, ಇಲ್ಲವೇ ಅದರ ತಲೆ ತೂತಾಗುತ್ತದೆ. ‘ಪಿಸ್ಟನ್ ಜಾಮ್’ ಎಂದು ಮೆಕ್ಯಾನಿಕ್‌ಗಳು ಹೇಳುವ ಈ ರೋಗಕ್ಕೆ ಟರ್ಬೊ ಇಲ್ಲದಿದ್ದಾಗಲೇ ಟು ಸ್ಟ್ರೋಕ್ ಬಲಿಯಾಗುವುದುಂಟು. ಇನ್ನು ಟರ್ಬೊ ಸೇರಿದರೆ ತಪ್ಪಿಗೆ ಆಸ್ಪದವೇ ಉಳಿಯುವುದಿಲ್ಲ. ಪೆಟ್ರೋಲ್ ಅಳತೆ ಮುಖ್ಯವಾಗುವುದು ಇಲ್ಲಿ.

ಕಾರ್ಬೊರೇಟರ್‌ನ ಮಿತಿ

ಕಾರ್ಬೊರೇಟರ್ ಜಾಣ ಉಪಕರಣ. ಗಾಳಿ ಇಕ್ಕಟ್ಟಾದ ಜಾಗದಲ್ಲಿ ರಭಸವಾಗಿ ನುಗ್ಗುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಸಣ್ಣ ಜೆಟ್ ಮೂಲಕ ತಾನೇ ಮೇಲೆದ್ದು ಬರುತ್ತದೆ. ಕರೆಂಟ್ ಬೇಡ, ಸೆನ್ಸರ್ ಬೇಡ. ಸ್ಕ್ರೂ ಡ್ರೈವರ್ ಹಿಡಿಯಬಲ್ಲ ಯಾರಾದರೂ ರಿಪೇರಿ ಮಾಡಬಹುದು.

ಆದರೆ ಜೆಟ್‌ನ ತೂತು ಒಂದೇ ಅಳತೆಯದು. ಭದ್ರಾವತಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ; ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,930 ಮೀಟರ್. ಇಲ್ಲಿಂದ ಅಲ್ಲಿಗೆ ಹತ್ತುವಷ್ಟರಲ್ಲಿ ಗಾಳಿ ಶೇ 10ಕ್ಕಿಂತಲೂ ಹೆಚ್ಚು ತೆಳುವಾಗಿರುತ್ತದೆ. ಜೆಟ್‌ಗೆ ಅದು ಪೂರ್ತಿ ತಿಳಿಯುವುದಿಲ್ಲ. ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಮುಗ್ಗರಿಸುತ್ತದೆ.

ಈಗ ಬಂಕ್‌ಗಳಲ್ಲಿ ಸಿಗುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಇದಕ್ಕೆ ಉಲ್ಟಾ. ಎಥೆನಾಲ್‌ನಲ್ಲಿ ತನ್ನದೇ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಗೆ ಶೇ 7–8ರಷ್ಟು ಹೆಚ್ಚು ಇಂಧನ ಬೇಕು. ಶುದ್ಧ ಪೆಟ್ರೋಲ್‌ಗೆಂದು ಕೂರಿಸಿದ ಹಳೆಯ ಜೆಟ್ ಅಷ್ಟು ಕೊಡುವುದಿಲ್ಲ. ಮಿಶ್ರಣ ಸಪ್ಪೆಯಾಗುತ್ತದೆ, ಎಂಜಿನ್ ಕಾಯುತ್ತದೆ.

ಟರ್ಬೊ ಬಂದರೆ ಇನ್ನೊಂದು ಪೇಚು. ಒತ್ತಿದ ಗಾಳಿಯನ್ನು ಕಾರ್ಬೊರೇಟರ್ ಮೂಲಕ ನೂಕಿದರೆ ಒಳಗಿನ ಒತ್ತಡ ಬಟ್ಟಲಿನ ಒತ್ತಡಕ್ಕಿಂತ ಹೆಚ್ಚಾಗಿ ಪೆಟ್ರೋಲ್ ಮೇಲೇಳುವುದೇ ನಿಲ್ಲುತ್ತದೆ. ಹಾಗಾಗದಂತೆ ಬಟ್ಟಲಿಗೂ ಅದೇ ಒತ್ತಡ ಕೊಡಬೇಕು, ಪೆಟ್ರೋಲನ್ನು ಅದಕ್ಕಿಂತ ಹೆಚ್ಚಿನ ಬಲದಿಂದ ಒಳಗೆ ನೂಕಬೇಕು. ಮಾಡಲಾಗದ್ದೇನಲ್ಲ. 1980ರ ದಶಕದ ಆರಂಭದಲ್ಲಿ ಜಪಾನಿನ ನಾಲ್ಕೂ ಕಂಪನಿಗಳು ಟರ್ಬೊ ಬೈಕ್ ಮಾರುಕಟ್ಟೆಗೆ ತಂದಾಗ ಯಮಹಾ ಹೀಗೇ ಮಾಡಿತು. ಹೋಂಡಾ, ಸುಜುಕಿ, ಕವಾಸಾಕಿ ಮೂರೂ ಎಫ್‌ಐ ಆರಿಸಿಕೊಂಡವು. 1982ರ ಹೋಂಡಾ ಸಿಎಕ್ಸ್ 500 ಟರ್ಬೊ ಆ ಕಂಪನಿಯ ಮೊದಲ ಎಫ್‌ಐ ಬೈಕ್ ಕೂಡ. ಅವೆಲ್ಲ ಫೋರ್ ಸ್ಟ್ರೋಕ್‌ಗಳು. ತಪ್ಪನ್ನು ಇನ್ನೂ ಕಡಿಮೆ ತಾಳಿಕೊಳ್ಳುವ ಟು ಸ್ಟ್ರೋಕ್‌ಗೆ ಅಳತೆಯ ಅಗತ್ಯ ಇನ್ನೂ ಹೆಚ್ಚು.

ಮಿಲಿಗ್ರಾಂ ಲೆಕ್ಕ, ಮಿಲಿಸೆಕೆಂಡ್ ಬಿಡುವು

ಎಫ್‌ಐ ಏನು ಮಾಡಬೇಕು ಎಂಬುದನ್ನು ಒಂದು ಒರಟು ಲೆಕ್ಕದಲ್ಲಿ ನೋಡೋಣ. ನೂರು ಸಿಸಿ ಸಿಲಿಂಡರ್ ಪೂರ್ತಿ ತುಂಬಿದರೆ ನಮ್ಮ ಊರಿನ ಎತ್ತರದಲ್ಲಿ ಅದರೊಳಗಿನ ಗಾಳಿಯ ತೂಕ ಸುಮಾರು 110 ಮಿಲಿಗ್ರಾಂ. ಅದಕ್ಕೆ ಬೇಕಾದ ಪೆಟ್ರೋಲ್ ಸುಮಾರು 9 ಮಿಲಿಗ್ರಾಂ. ಒಂದು ಹನಿ ನೀರು ಸುಮಾರು 50 ಮಿಲಿಗ್ರಾಂ ತೂಗುತ್ತದೆ. ಈ ಪೆಟ್ರೋಲ್ ಅದರ ಐದನೇ ಒಂದು ಭಾಗಕ್ಕಿಂತ ಕಡಿಮೆ. ಗಾಡಿ ನಿಂತಲ್ಲೇ ಮೆಲ್ಲಗೆ ಓಡುವಾಗ ಬೇಕಾದದ್ದು ಎರಡು ಮಿಲಿಗ್ರಾಂ ಆಸುಪಾಸು. ಟರ್ಬೊ ಗಾಳಿಯನ್ನು ಒಂದೂವರೆ ಪಟ್ಟು ತುಂಬಿದರೆ ಹದಿಮೂರು. ಇಷ್ಟು ಅಗಲದ ವ್ಯಾಪ್ತಿಯನ್ನು ಒಂದೇ ಇಂಜೆಕ್ಟರ್ ಕರಾರುವಾಕ್ಕಾಗಿ ನಿಭಾಯಿಸಬೇಕು.

ಸಮಯವೂ ಕಡಿಮೆ. ಎಂಜಿನ್ ನಿಮಿಷಕ್ಕೆ 8,000 ಸುತ್ತು ಓಡುತ್ತಿದ್ದರೆ ಟು ಸ್ಟ್ರೋಕ್‌ನಲ್ಲಿ ಸೆಕೆಂಡಿಗೆ 133 ಸಲ ಪೆಟ್ರೋಲ್ ಚಿಮ್ಮಬೇಕು. ಒಂದೊಂದು ಸರದಿಗೆ ಸಿಗುವುದು ಏಳೂವರೆ ಮಿಲಿಸೆಕೆಂಡ್. ಅದೇ ವೇಗದ ಫೋರ್ ಸ್ಟ್ರೋಕ್‌ಗೆ ಇದರ ಎರಡರಷ್ಟು ಬಿಡುವಿದೆ. ಹಾಗಾಗಿ ಸ್ಕೂಟರ್‌ನಿಂದ ಕಳಚಿದ ಇಂಜೆಕ್ಟರ್ ತಂದು ಸಿಕ್ಕಿಸಿದರೆ ಒಂದೋ ಜೋರಾಗಿ ಓಡುವಾಗ ಪೆಟ್ರೋಲ್ ಸಾಲದು, ಇಲ್ಲವೇ ಮೆಲ್ಲಗೆ ಓಡುವಾಗ ಹೆಚ್ಚಾಗುತ್ತದೆ.

ಎಷ್ಟು ಚಿಮ್ಮಿಸಬೇಕು ಎಂದು ಗೊತ್ತಾಗಲು ಒಳಗೆ ಎಷ್ಟು ಗಾಳಿ ಹೋಯಿತು ಎಂಬುದು ಗೊತ್ತಾಗಬೇಕು. ಫೋರ್ ಸ್ಟ್ರೋಕ್ ಗಾಡಿಗಳ ಕಂಪ್ಯೂಟರ್, ಅಂದರೆ ಇಸಿಯು, ಇದನ್ನು ಒಳದಾರಿಯ ಒತ್ತಡದಿಂದ ಊಹಿಸಿ, ಸೈಲೆನ್ಸರ್‌ನಲ್ಲಿರುವ ಆಮ್ಲಜನಕ ಸೆನ್ಸರ್‌ನಿಂದ ತಾಳೆ ನೋಡುತ್ತದೆ. ಟು ಸ್ಟ್ರೋಕ್‌ನಲ್ಲಿ ಈ ಎರಡು ಸಾಕ್ಷಿಗಳನ್ನೂ ಪೂರ್ತಿ ನಂಬುವಂತಿಲ್ಲ. ಒಳದಾರಿಯಲ್ಲಿ ಒತ್ತಡ ಪ್ರತಿ ಸುತ್ತಿಗೂ ಏರಿಳಿಯುತ್ತಿರುತ್ತದೆ. ಉರಿಯದೆ ಹೊರಬಂದ ಹೊಸ ಗಾಳಿಯ ಆಮ್ಲಜನಕ ಕಂಡ ಸೆನ್ಸರ್, ಮಿಶ್ರಣ ಸರಿಯಿದ್ದಾಗಲೂ ‘ಪೆಟ್ರೋಲ್ ಸಾಲದು’ ಎಂದು ಸುಳ್ಳು ವರದಿ ಕೊಡುತ್ತದೆ.

ಆದ್ದರಿಂದ ಇಲ್ಲಿ ಪದ್ಧತಿ ಬೇರೆ. ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ಸುತ್ತು ಓಡುತ್ತಿದೆ ಎಂಬ ಎರಡರ ಮೇಲೆ ಪೆಟ್ರೋಲ್ ಅಳತೆಯ ಒಂದು ಕೋಷ್ಟಕವನ್ನು ಮೊದಲೇ ಪರೀಕ್ಷೆ ಮಾಡಿ ಬರೆದಿಟ್ಟಿರುತ್ತಾರೆ. ಟರ್ಬೊ ಇದ್ದರೆ ಅದಕ್ಕೆ ಟರ್ಬೊದ ಒತ್ತಡ, ಗಾಳಿಯ ಬಿಸಿ, ಊರಿನ ಎತ್ತರ ಇವುಗಳ ತಿದ್ದುಪಡಿ ಸೇರಬೇಕು. ಹೊಗೆಯ ಬಿಸಿ ಅಳೆಯುವ ಸೆನ್ಸರ್ ಕಾವಲಿಗೆ. ಯಂತ್ರದ ಬೆಲೆಗಿಂತ ಹೆಚ್ಚು ಶ್ರಮ, ಹೆಚ್ಚು ಹಣ ಬೇಡುವುದು ಈ ಕೋಷ್ಟಕ ಸಿದ್ಧಪಡಿಸುವ ಕೆಲಸ.

ಎಲ್ಲಿ ಚಿಮ್ಮಿಸಬೇಕು?

ಎಫ್‌ಐ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಇಂಜೆಕ್ಟರ್ ಕೂರಿಸಲು ಮೂರು ಜಾಗಗಳಿವೆ.

ಒಂದು, ಕಾರ್ಬೊರೇಟರ್ ಇದ್ದ ಜಾಗದಲ್ಲೇ. ಇದು ಸುಲಭ, ಅಗ್ಗ. ಅಳತೆ ಕರಾರುವಾಕ್ಕಾಗುತ್ತದೆ, ಬೆಟ್ಟ ಹತ್ತಿದರೂ ಹೊಂದಿಕೊಳ್ಳುತ್ತದೆ. ಆದರೆ ಪೆಟ್ರೋಲ್ ಗಾಳಿಯೊಂದಿಗೆ ಬೆರೆತೇ ಒಳಗೆ ಹೋಗುವುದರಿಂದ ಹೊರಗೆ ಹರಿಯುವ ನಷ್ಟ ಉಳಿಯುತ್ತದೆ.

ಎರಡು, ಸಿಲಿಂಡರ್‌ಗೆ ಗಾಳಿ ಹೋಗುವ ಪಕ್ಕದ ದಾರಿಯಲ್ಲಿ. ಆಸ್ಟ್ರಿಯಾದ ಕೆಟಿಎಂ 2017ರಲ್ಲಿ ಪ್ರಕಟಿಸಿದ ಟು ಸ್ಟ್ರೋಕ್ ಬೈಕುಗಳಲ್ಲಿ ಹೀಗೆ ಎರಡು ಇಂಜೆಕ್ಟರ್‌ಗಳಿದ್ದವು. ಪೆಟ್ರೋಲ್ ಚಿಮ್ಮುವ ಹೊತ್ತನ್ನು ಹಿಂದೆ ಮುಂದೆ ಮಾಡಿ ನಷ್ಟ ಇಳಿಸಬಹುದು. ಆದರೆ ಎಣ್ಣೆ ಬೆರೆತ ಪೆಟ್ರೋಲ್ ಈಗ ಮೊದಲಿನಂತೆ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೋಣೆ ಹಾದು ಬರುವುದಿಲ್ಲ. ಅಲ್ಲಿನ ಬೇರಿಂಗ್‌ಗೆ ಎಣ್ಣೆ ಒಯ್ಯುವವರಿಲ್ಲ. ಹಾಗಾಗಿ ಎಣ್ಣೆಗೆ ಬೇರೆ ಟ್ಯಾಂಕ್, ಬೇರೆ ಪಂಪ್ ಬೇಕಾಯಿತು. ಕೆಲವು ವರ್ಷಗಳ ನಂತರ ಅದೇ ಕಂಪನಿ ತನ್ನ ಹೊಸ ಮಾದರಿಗಳಲ್ಲಿ ಮತ್ತೆ ಥ್ರಾಟಲ್ ಬಳಿಯ ಇಂಜೆಕ್ಷನ್‌ಗೆ ಮರಳಿತು.

ಮೂರು, ರೈಲು ಎಂಜಿನ್‌ನಂತೆ ನೇರವಾಗಿ ಸಿಲಿಂಡರ್ ತಲೆಯಲ್ಲಿ. ಹೊಗೆ ಕಿಂಡಿ ಮುಚ್ಚುವ ಹೊತ್ತಿಗೆ ಚಿಮ್ಮಿಸಿದರೆ ಹೊರಗೆ ಹರಿಯುವುದು ಹೆಚ್ಚುಕಡಿಮೆ ಬರೀ ಗಾಳಿ. ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ನಂಟಿನಿಂದ ಹುಟ್ಟಿದ ಎನ್ವಿರೊಫಿಟ್ ಸಂಸ್ಥೆ ಫಿಲಿಪ್ಪೀನ್ಸ್‌ನ ಟು ಸ್ಟ್ರೋಕ್ ತ್ರಿಚಕ್ರಗಳಿಗೆ ಇಂಥ ಕಿಟ್ ಅಳವಡಿಸಿ, ಪೆಟ್ರೋಲ್ ಖರ್ಚನ್ನು ಮೂರನೇ ಒಂದರಷ್ಟು ಇಳಿಸಿ ತೋರಿಸಿತು.

ಟರ್ಬೊ ವಿಷಯದಲ್ಲೂ ದಾರಿ ತೋರಿದ್ದು ಈ ಮೂರನೆಯದೇ. ಕೆನಡಾದ ಬಿಆರ್‌ಪಿ ಕಂಪನಿ 2020ರ ಆಸುಪಾಸಿನಲ್ಲಿ ಹಿಮದ ಮೇಲೆ ಓಡುವ ತನ್ನ ಸ್ಕಿ–ಡೂ ವಾಹನಕ್ಕೆ ಕಾರ್ಖಾನೆಯಲ್ಲೇ ಟರ್ಬೊ ಜೋಡಿಸಿದ 850 ಸಿಸಿ ಟು ಸ್ಟ್ರೋಕ್ ಕೊಟ್ಟಿತು. ಅದರಲ್ಲಿರುವುದು ನೇರ ಇಂಜೆಕ್ಷನ್. ಗಮನಿಸಬೇಕಾದದ್ದು ಅದರ ಉದ್ದೇಶ: ಸುಮಾರು 2,400 ಮೀಟರ್ ಎತ್ತರದ ತೆಳುಗಾಳಿಯಲ್ಲೂ ಕೆಳಗಿನಷ್ಟೇ, ಅಂದರೆ 165 ಅಶ್ವಶಕ್ತಿ ಉಳಿಸಿಕೊಳ್ಳುವುದು. ಬೆಟ್ಟದಲ್ಲಿ ಕಳೆದುಕೊಂಡದ್ದನ್ನು ವಾಪಸ್ ಪಡೆಯಲು ಟರ್ಬೊ ಬಂತೇ ಹೊರತು ಶಕ್ತಿಯನ್ನು ಇಮ್ಮಡಿ ಮಾಡಲು ಅಲ್ಲ.

ಅವಸರಪಟ್ಟವರು ಕೈಸುಟ್ಟುಕೊಂಡದ್ದೂ ಇದೆ. ಇಟಲಿಯ ಬಿಮೋಟ ಕಂಪನಿ 1997ರಲ್ಲಿ ನೇರ ಇಂಜೆಕ್ಷನ್ ಇದ್ದ 500 ಸಿಸಿ ಟು ಸ್ಟ್ರೋಕ್ ಬೈಕ್ ತಂದಿತು. ಪೆಟ್ರೋಲ್ ಅಳತೆ ಹದಕ್ಕೆ ಬರಲೇ ಇಲ್ಲ. ಗಾಡಿಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಕೊನೆಗೆ ಅವಕ್ಕೆ ಕಾರ್ಬೊರೇಟರ್ ಹಾಕಬೇಕಾಯಿತು. ಕಂಪನಿಯೇ ದಿವಾಳಿಯಾಯಿತು. ಆ ಬೈಕಿನಲ್ಲಿ ಟರ್ಬೊ ಇರಲಿಲ್ಲ ಎಂಬುದು ನೆನಪಿರಲಿ.

ತೋಟದ ಯಂತ್ರಕ್ಕೆ ಬೇಕೆ?

ಕಳೆ ಕೊಚ್ಚುವ ಯಂತ್ರದ ಕಾರ್ಬೊರೇಟರ್ ಬೈಕಿನದರಂತಲ್ಲ. ಅದರಲ್ಲಿ ಬಟ್ಟಲಿನ ಬದಲು ತೆಳುವಾದ ಪೊರೆ ಇದೆ. ಯಂತ್ರವನ್ನು ಓರೆ ಹಿಡಿದರೂ, ತಲೆಕೆಳಗು ಮಾಡಿದರೂ ಪೆಟ್ರೋಲ್ ಬರುತ್ತದೆ. ಬ್ಯಾಟರಿ ಇಲ್ಲ. ಕೆಟ್ಟರೆ ಊರಲ್ಲೇ ರಿಪೇರಿ.

ಇಂಥ ಯಂತ್ರಕ್ಕೂ ಎಫ್‌ಐ ಬಂದಾಗಿದೆ. ಜರ್ಮನಿಯ ಸ್ಟಿಲ್ ಕಂಪನಿ 2019ರಲ್ಲಿ ಮಾರುಕಟ್ಟೆಗೆ ತಂದ ಎಂಎಸ್ 500ಐ ಮರ ಕೊಯ್ಯುವ ಗರಗಸ ಬ್ಯಾಟರಿಯೇ ಇಲ್ಲದೆ, ಹಗ್ಗ ಎಳೆದಾಗ ತಿರುಗುವ ಚಕ್ರದಿಂದ ಹುಟ್ಟುವ ಕರೆಂಟಿನಲ್ಲೇ ಇಂಜೆಕ್ಷನ್ ನಡೆಸುತ್ತದೆ. ಆದರೆ ಅದು 79 ಸಿಸಿಯ ದುಬಾರಿ ಯಂತ್ರ, ದಿನವಿಡೀ ಕಾಡಿನಲ್ಲಿ ಕೆಲಸ ಮಾಡುವವರಿಗೆ. ವರ್ಷಕ್ಕೆ ಕೆಲವು ವಾರ ಕಳೆ ಕೊಚ್ಚುವವರಿಗೆ ಅಲ್ಲ.

ನಮ್ಮ ತೋಟದ ಯಂತ್ರಕ್ಕೆ ಬೇಕಾದದ್ದು ಇನ್ನೂ ಸಾದಾ ಕ್ರಮಗಳು. ಕಂಪನಿ ಹೇಳಿದ ಅಳತೆಯಲ್ಲೇ ಎಣ್ಣೆ ಬೆರೆಸಿ. ಐವತ್ತಕ್ಕೆ ಒಂದು ಎಂದಿದ್ದರೆ ಲೀಟರ್‌ಗೆ 20 ಮಿಲಿಲೀಟರ್. ಕಣ್ಣಂದಾಜು ಬೇಡ. ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುವುದರಿಂದ ತಿಂಗಳುಗಟ್ಟಲೆ ಬಾಟಲಿಯಲ್ಲಿ ಇಡಬೇಡಿ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿ ಇಡಿ.

ಹಾಗಾದರೆ ತೀರ್ಮಾನ?

ಗ್ಯಾರೇಜ್‌ನ ಪ್ರಶ್ನೆಗೆ ಉತ್ತರ ಈಗ ನೇರವಾಗಿ ಹೇಳಬಹುದು. ಸಣ್ಣ ಟು ಸ್ಟ್ರೋಕ್‌ಗೆ ಟರ್ಬೊ ಕೂರಿಸುವುದೇ ಆದರೆ ಎಫ್‌ಐ ಬೇಕೋ ಬೇಡವೋ ಎಂಬ ಚರ್ಚೆ ಇಲ್ಲ, ಬೇಕೇ ಬೇಕು. ಅದರಲ್ಲೂ ನೇರ ಇಂಜೆಕ್ಷನ್ ಉತ್ತಮ, ಬೇರೆ ಎಣ್ಣೆ ಪಂಪ್ ಕಡ್ಡಾಯ, ಟರ್ಬೊ ಒತ್ತಡವನ್ನು ಲೆಕ್ಕ ಹಿಡಿಯುವ ಇಸಿಯು ಕಡ್ಡಾಯ. ಟರ್ಬೊ ಇಲ್ಲದ ಟು ಸ್ಟ್ರೋಕ್‌ಗೆ ಎಫ್‌ಐ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ, ಹೊಗೆ ತಗ್ಗುತ್ತದೆ. ಎಫ್‌ಐ ಇಲ್ಲದ ಟು ಸ್ಟ್ರೋಕ್‌ಗೆ ಟರ್ಬೊ ಹಾಕಿದರೆ ಪಿಸ್ಟನ್ ಅಂಗಡಿಯವರಿಗೆ ಲಾಭ.

ರಸ್ತೆಯ ಮೇಲಿನ ಗಾಡಿಗೆ ಈ ಪ್ರಯೋಗ ಮಾಡುವಂತೆಯೂ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಇಂಥ ಕೆಲಸಕ್ಕೆ ತಕ್ಕ ಜಾಗ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆ: ಎಂಜಿನ್ನನ್ನು ನೆಲಕ್ಕೆ ಬಿಗಿದು, ಹೊಗೆಯ ಬಿಸಿ ಅಳೆಯುತ್ತ, ಕೋಷ್ಟಕವನ್ನು ಒಂದೊಂದೇ ಮನೆಯಾಗಿ ತುಂಬಬಹುದು. ಶಿವಮೊಗ್ಗದಲ್ಲಿ ಅಂಥ ಕಾಲೇಜುಗಳಿವೆ, ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿ ಎರಕದ ಕೆಲಸ ಬಲ್ಲ ಕೈಗಾರಿಕೆಗಳಿವೆ. ಗ್ಯಾರೇಜ್ ಮುಂದೆ ನಿಂತು ಟರ್ಬೊ ಬಗ್ಗೆ ಕೇಳುವ ಹುಡುಗರು ತಮ್ಮ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಈ ವಿಷಯ ಎತ್ತಿಕೊಳ್ಳಲಿ. ಅಪ್ಪನ ಆರ್‌ಎಕ್ಸ್ ಮಾತ್ರ ಇದ್ದ ಹಾಗೆಯೇ ಇರಲಿ.